ಯಾರೂ ತುಳಿಯದ ಕಾಲೊರಸು

“ಗುರುಗಳೇ, ಕಷ್ಟಪಟ್ಟು ಕಲಿತ ವಿದ್ಯೆಯನ್ನು ಅದರ ಬೆಲೆ ತಿಳಿಯದವರ ಕೈಗೆ ಕೊಡಬಹುದೇ?” ಎಂದು ಶಿಷ್ಯ ಕೇಳಿದ.

ಗುರುಗಳು ಈ ಪ್ರಶ್ನೆ ಎಲ್ಲಿಂದ ಬಂತು ಎಂದು ವಿಚಾರಿಸಿದರು.

ಶಿಷ್ಯ ಹೇಳಿದ: “ಗುಡ್ಡದ ಆಚೆ ಕಲ್ಲು ಒಡೆಯುವವರ ಕೇರಿ ಇದೆ. ಅಲ್ಲಿಯವರು ಬಂದು, ಸಂಜೆ ಹೊತ್ತು ನಮಗೂ ನಾಲ್ಕು ಶ್ಲೋಕ ಹೇಳಿಕೊಡಿ, ಅರ್ಥ ತಿಳಿಸಿ ಎಂದು ಕೇಳಿಕೊಂಡರು. ಒಮ್ಮೆ ಹೋಗಿ ಬಂದೆ. ಅವರಿಗೆ ನಾಲಿಗೆ ತಿರುಗುವುದಿಲ್ಲ. ದೀರ್ಘವನ್ನು ಹ್ರಸ್ವ ಮಾಡುತ್ತಾರೆ. ಮಹಾಪ್ರಾಣ ಬಾಯಿಗೆ ಬರುವುದೇ ಇಲ್ಲ. ಕೆಲವರು ದಣಿದು ಕೂತಲ್ಲೇ ತೂಕಡಿಸುತ್ತಾರೆ. ಎಚ್ಚರವಿರುವವರು ತಮಗೆ ತೋಚಿದ ಅರ್ಥ ಕಟ್ಟುತ್ತಾರೆ. ತಮ್ಮ ಸನ್ನಿಧಿಯಲ್ಲಿ ಕೂತು ಒಂದೊಂದು ಅಕ್ಷರ ತಿದ್ದಿಸಿಕೊಂಡು ಕಲಿತದ್ದು ಅಲ್ಲಿ ಕೆಟ್ಟುಹೋದೀತು ಎಂದು ನನಗೆ ಭಯ. ನಾಳೆ ಅವರು ಮತ್ತೆ ಬರುತ್ತಾರೆ. ಏನು ಹೇಳಲಿ?”

ಗುರುಗಳು ಒಂದು ಕತೆ ಹೇಳತೊಡಗಿದರು.

ನೇಕಾರರ ಊರೊಂದರಲ್ಲಿ ಬನಮ್ಮ ಎಂಬ ಹೆಂಗಸು ಇದ್ದಳು. ಗಂಡ ತೀರಿಕೊಂಡಿದ್ದ. ಮಗ ತಿಪ್ಪೇಶ ಮಗ್ಗ ನಡೆಸುತ್ತಿದ್ದ. ಅವನ ಹೆಂಡತಿ ದಾಕ್ಷಾಯಿಣಿ. ಅತ್ತೆ ಸೊಸೆಯರು ಹೊಂದಿಕೊಂಡಿದ್ದರು. ಒಬ್ಬರು ಇನ್ನೊಬ್ಬರ ಮಾತನ್ನು ಪೂರ್ತಿ ಕೇಳುವ ಮೊದಲೇ ಅರ್ಥ ಮಾಡಿಕೊಳ್ಳುತ್ತಿದ್ದರು.

ಆ ಮನೆಯಲ್ಲಿ ಹಳೆಯ ಬಟ್ಟೆಯನ್ನು ಎಸೆಯುತ್ತಿರಲಿಲ್ಲ. ಉಟ್ಟು ಸವೆದ ನೂಲಿನ ಸೀರೆಗಳನ್ನು ಬನಮ್ಮ ಉದ್ದುದ್ದ ಪಟ್ಟಿಗಳಾಗಿ ಹರಿಯುತ್ತಿದ್ದಳು. ಪಟ್ಟಿಗಳನ್ನು ಒಂದಕ್ಕೊಂದು ಜೋಡಿಸಿ ಉಂಡೆ ಸುತ್ತುತ್ತಿದ್ದಳು. ಬೆರಳಿನಷ್ಟು ದಪ್ಪದ ಮರದ ಕೊಕ್ಕೆ ಹಿಡಿದು, ನಡುವಿನಿಂದ ಆರಂಭಿಸಿ ಸುತ್ತು ಸುತ್ತಾಗಿ ಹೆಣೆದು ಕಾಲೊರಸು ಮಾಡುತ್ತಿದ್ದಳು. ಬಣ್ಣ ನೋಡುತ್ತಿರಲಿಲ್ಲ. ಕೈಗೆ ಸಿಕ್ಕ ಉಂಡೆ ಹೆಣಿಗೆಗೆ ಬರುತ್ತಿತ್ತು. ಅವಳ ಕಾಲೊರಸುಗಳು ದಪ್ಪಗೆ, ಒರಟಾಗಿ, ಸ್ವಲ್ಪ ಸೊಟ್ಟಗೆ ಇರುತ್ತಿದ್ದವು. ಹೊಸ್ತಿಲ ಬಳಿ ಒಂದು, ನೇಯುವಾಗ ಕಾಲು ಇಳಿಬಿಡುವ ಮಗ್ಗದ ಗುಂಡಿಯ ಬಳಿ ಒಂದು, ಹಿತ್ತಲ ಬಾಗಿಲಿಗೆ ಒಂದು ಬಿದ್ದಿರುತ್ತಿದ್ದವು.

ಮದುವೆಯಾಗಿ ಬಂದ ಹೊಸದರಲ್ಲಿ ದಾಕ್ಷಾಯಿಣಿ ಆ ಕೆಲಸವನ್ನು ಅತ್ತೆಯಿಂದ ಕಲಿತಳು. ಹೆಣಿಗೆ ಬಿಗಿಯಾದರೆ ಕಾಲೊರಸು ಬಟ್ಟಲಿನಂತೆ ಮೇಲೇಳುತ್ತದೆ. ಸಡಿಲವಾದರೆ ಅಂಚು ನೆರಿಗೆಗಟ್ಟುತ್ತದೆ. ಎರಡೂ ಆಗದಂತೆ ಕೈ ಹದ ಹಿಡಿಯಬೇಕು. ಬೇರೆಯವರಿಗೆ ವರ್ಷಗಟ್ಟಲೆ ಬರದ ಈ ಹದ ಅವಳಿಗೆ ಬೇಗ ಬಂತು. ಅವಳು ಹೆಣೆದದ್ದು ನೆಲದ ಮೇಲೆ ನೀರು ನಿಂತ ಹಾಗೆ ಸಮವಾಗಿ ಕೂರುತ್ತಿತ್ತು. ಆಮೇಲೆ ಅವಳು ಬಣ್ಣ ಆರಿಸತೊಡಗಿದಳು. ನಡುವೆ ಕಮಲ, ಸುತ್ತ ಎಲೆ, ಅಂಚಿಗೆ ಬಳ್ಳಿ ಬರುವಂತೆ ಹೆಣೆದಳು. ಕೇರಿಯ ಹೆಂಗಸರು ಬಂದು ನೋಡಿದರು. ಇದು ಹಳೆಯ ಸೀರೆ ಎಂದರೆ ನಂಬಲಿಲ್ಲ.

“ನನಗಿಂತ ನಿನ್ನ ಕೈ ಚೆನ್ನಾಗಿದೆ ದಾಕ್ಷಿ” ಎಂದು ಬನಮ್ಮ ಎಲ್ಲರ ಎದುರಿಗೇ ಹೇಳಿದಳು. ಆ ಮಾತಿನಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ.

ಒಂದು ವರ್ಷ ತಿಪ್ಪೇಶ ಬಚ್ಚಲಮನೆಯ ಹಳೆಯ ಚಪ್ಪಡಿ ಕೀಳಿಸಿ ನುಣುಪಾದ ಕಡಪ ಕಲ್ಲು ಹಾಕಿಸಿದ. ನೋಡಲು ಚೆನ್ನಾಗಿತ್ತು. ನೀರು ಬಿದ್ದರೆ ಕಾಲು ಜಾರುತ್ತಿತ್ತು. ಬನಮ್ಮನಿಗೆ ವಯಸ್ಸಾಗಿತ್ತು. ಒಮ್ಮೆ ಜಾರಿ ಬಾಗಿಲು ಹಿಡಿದುಕೊಂಡು ಉಳಿದಳು. ಆ ಸಂಜೆ ಸೊಸೆಗೆ, “ಬಚ್ಚಲ ಬಾಗಿಲಿಗೆ ಒಂದು ಕಾಲೊರಸು ಹೆಣೆದುಕೊಡಮ್ಮಾ. ನನಗೀಗ ಕೊಕ್ಕೆ ಹಿಡಿಯಲು ಬೆರಳು ಬಾಗುವುದಿಲ್ಲ” ಎಂದಳು.

ಕಲಿಸಿಕೊಟ್ಟ ಅತ್ತೆ ಮೊದಲ ಸಲ ತನಗೆಂದು ಒಂದು ವಸ್ತು ಕೇಳಿದ್ದಳು. ದಾಕ್ಷಾಯಿಣಿ ಅದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ತನ್ನ ಕೈಯಿಂದ ಆಗುವ ಅತ್ಯುತ್ತಮ ಕೆಲಸ ಇದಾಗಬೇಕು ಎಂದುಕೊಂಡಳು. ಬಿಳಿ ಸೀರೆಗಳಲ್ಲಿ ಹಳದಿಗೆ ತಿರುಗದವನ್ನು ಆರಿಸಿದಳು. ನೀಲಿ ಸೀರೆಗಾಗಿ ತವರಿಗೆ ಹೇಳಿ ಕಳಿಸಿದಳು. ಒಂದು ಸುತ್ತು ತಪ್ಪಿದರೆ ಹಿಂದಿನ ಸುತ್ತುಗಳನ್ನೂ ಬಿಚ್ಚಿ ಮತ್ತೆ ಹೆಣೆದಳು. ಕಾರ್ತಿಕದಲ್ಲಿ ಹಿಡಿದ ಕೆಲಸ ಯುಗಾದಿಯ ಹೊತ್ತಿಗೆ ಮುಗಿಯಿತು. ನೀಲಿ ಹಿನ್ನೆಲೆಯಲ್ಲಿ ಬಿಳಿ ನವಿಲು ಗರಿ ಬಿಚ್ಚಿ ನಿಂತಿತ್ತು.

ಬಚ್ಚಲ ಬಾಗಿಲಿಗೆ ಅದನ್ನು ಹಾಸಿದಳು.

ಮೊದಲು ಸ್ನಾನ ಮಾಡಿ ಬಂದವನು ತಿಪ್ಪೇಶ. ಅವನು ಯೋಚಿಸದೆ ಒದ್ದೆ ಕಾಲನ್ನು ನವಿಲಿನ ಮೇಲೆ ಇಟ್ಟ. ಹಿತ್ತಲ ಮಣ್ಣು ಹಿಮ್ಮಡಿಯಲ್ಲಿ ಉಳಿದಿತ್ತು.

“ಅಯ್ಯೋ!” ಎಂದಳು ದಾಕ್ಷಾಯಿಣಿ.

ಗಂಡನನ್ನು ಬೈಯಲಿಲ್ಲ. ಕಾಲೊರಸನ್ನು ಎತ್ತಿಕೊಂಡು ಹೋಗಿ ತಾನೇ ತೊಳೆದು ನೆರಳಿಗೆ ಒಣಹಾಕಿದಳು. ಬನಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತು ಸೊಸೆಯ ಮುಖ ನೋಡಿದಳು.

ಅಂದಿನಿಂದ ಆ ಮನೆಯಲ್ಲಿ ಹೊಸ ನಡಾವಳಿ ಶುರುವಾಯಿತು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ತಿಪ್ಪೇಶ ಒಂದು ಹರಕು ಪಂಚೆಯಲ್ಲಿ ಕಾಲು ಒರೆಸಿಕೊಂಡು, ಕಾಲೊರಸನ್ನು ದಾಟಿ ಹೆಜ್ಜೆ ಇಡಲು ಕಲಿತ. ಎಣ್ಣೆಸ್ನಾನದ ದಿನ ದಾಕ್ಷಾಯಿಣಿ ಅದನ್ನು ಸುತ್ತಿ ಗೂಡಿನಲ್ಲಿ ಇಡುತ್ತಿದ್ದಳು. ಸೀಗೆಪುಡಿಯ ಕಲೆ ಹೋಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ನೆಂಟರು ಬಂದರೆ ಬಚ್ಚಲಿಗೆ ಹೋಗುವ ಮೊದಲು ನಿಂತು ಹೊಗಳುತ್ತಿದ್ದರು. ವರ್ಷದ ಮೇಲಾದರೂ ನಿನ್ನೆ ಹೆಣೆದ ಹಾಗೆಯೇ ಇದೆ ಎನ್ನುತ್ತಿದ್ದರು. ಆ ಮಾತು ದಾಕ್ಷಾಯಿಣಿಗೆ ಹಿತವಾಗಿತ್ತು. ಬನಮ್ಮನಿಗೂ ಹಿತವಾಗಿತ್ತು. ಅವಳೇ ಅಕ್ಕಪಕ್ಕದವರನ್ನು ಕರೆದು, “ನನಗೆಂದು ನನ್ನ ಸೊಸೆ ಹೆಣೆದದ್ದು” ಎಂದು ತೋರಿಸುತ್ತಿದ್ದಳು.

ಬನಮ್ಮ ಸ್ನಾನ ಮುಗಿಸಿ ಬರುವಾಗ ಗೋಡೆಗೆ ಕೈ ಕೊಟ್ಟು, ಕಾಲೊರಸಿನ ಪಕ್ಕದ ಬರಿಯ ಕಲ್ಲಿನ ಮೇಲೆ ಹೆಜ್ಜೆ ಹಾಕುತ್ತಿದ್ದಳು. ಕಲ್ಲು ಒದ್ದೆಯಾಗಿರುತ್ತಿತ್ತು. ದಾಕ್ಷಾಯಿಣಿ ಕೆಲವೊಮ್ಮೆ ಅದನ್ನು ಕಂಡಿದ್ದಳು. ಅತ್ತೆಗೆ ಕೆಲಸದ ಬೆಲೆ ಗೊತ್ತು ಎಂದು ಅವಳಿಗೆ ಸಂತೋಷವಾಗುತ್ತಿತ್ತು. ಅದಕ್ಕಿಂತ ಮುಂದಕ್ಕೆ ಅವಳ ಯೋಚನೆ ಹೋಗಲಿಲ್ಲ.

ಇಲ್ಲಿ ಶಿಷ್ಯ ನಡುವೆ ಬಾಯಿ ಹಾಕಿದ. “ಅವಳು ಪ್ರೀತಿಯಿಂದಲೇ ಹೆಣೆದಳಲ್ಲ, ಗುರುಗಳೇ?”

“ಹೌದು, ಪ್ರೀತಿಯಿಂದಲೇ” ಎಂದರು ಗುರುಗಳು. ಕತೆ ಮುಂದುವರಿಸಿದರು.

ಒಂದು ಎಣ್ಣೆಸ್ನಾನದ ದಿನ ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು. ದಾಕ್ಷಾಯಿಣಿ ಕಾಲೊರಸನ್ನು ಎತ್ತಿಡುವುದು ಮರೆತಳು. ಬನಮ್ಮ ತಲೆಗೆ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೋದಳು. ಸ್ನಾನ ಮುಗಿಯಿತು. ಬಾಗಿಲು ತೆರೆದ ಸದ್ದು ಕೇಳಿಸಿತು. ಅದರ ಹಿಂದೆಯೇ ಇನ್ನೊಂದು ಸದ್ದು ಕೇಳಿಸಿತು.

ದಾಕ್ಷಾಯಿಣಿ ಓಡಿ ಬಂದಳು. ಬನಮ್ಮ ಕಲ್ಲಿನ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದಳು. ಕಾಲೊರಸು ಅವಳ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಅದರ ಮೇಲೆ ಒಂದು ಹನಿ ನೀರೂ ಇರಲಿಲ್ಲ.

“ಅತ್ತೆ!” ಎಂದು ದಾಕ್ಷಾಯಿಣಿ ಮೊಣಕಾಲೂರಿದಳು.

ಬನಮ್ಮನ ಮುಖ ನೋವಿನಿಂದ ಬಿಳಿಚಿತ್ತು. ಅವಳು ಸೊಸೆಯ ಕೈ ಹಿಡಿದು, “ನಿನ್ನ ನವಿಲಿಗೆ ಎಣ್ಣೆ ಸಿಡಿಯಿತೇನೋ, ನೋಡಮ್ಮಾ” ಎಂದಳು.

ಸೊಂಟದ ಮೂಳೆ ಬಿರುಕು ಬಿಟ್ಟಿತ್ತು. ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಮಲಗಿಯೇ ಇರಬೇಕು, ಮೂಳೆ ಕೂಡಿದರೆ ಎದ್ದು ನಡೆಯಬಹುದು, ಈ ವಯಸ್ಸಿನಲ್ಲಿ ಖಂಡಿತ ಹೇಳಲಾಗದು ಎಂದರು. ದಾಕ್ಷಾಯಿಣಿ ಅತ್ತೆಯ ಸೇವೆ ಮಾಡಿದಳು. ಮೈ ಒರೆಸಿದಳು, ಮಗ್ಗುಲು ಬದಲಿಸಿದಳು, ತುತ್ತು ಮಾಡಿ ಉಣ್ಣಿಸಿದಳು. ಕೊಕ್ಕೆಯನ್ನು ಮತ್ತೆ ಕೈಗೆತ್ತಿಕೊಳ್ಳಲಿಲ್ಲ. ಕಾಲೊರಸನ್ನು ಸುತ್ತಿ ಅಟ್ಟಕ್ಕೆ ಎಸೆದಳು. ಬಚ್ಚಲ ಬಾಗಿಲಿಗೆ ಒಂದು ಗೋಣಿಚೀಲ ಬಂತು.

ಒಂದು ಮಧ್ಯಾಹ್ನ ಬನಮ್ಮ, “ನವಿಲೆಲ್ಲಿ?” ಎಂದು ಕೇಳಿದಳು.

“ಅಟ್ಟದ ಮೇಲಿದೆ. ಒಲೆಗೆ ಹಾಕುತ್ತೇನೆ.”

“ಏನು ಮಾತಾಡುತ್ತೀಯೇ? ಅದೇನು ಮಾಡಿತು?”

ದಾಕ್ಷಾಯಿಣಿ ತಡೆದುಕೊಂಡಿದ್ದ ಅಳು ಹೊರಬಂತು. “ನಿಮ್ಮ ಕಾಲು ಜಾರಬಾರದು ಎಂದು ಹೆಣೆದೆ ಅತ್ತೆ. ಹೆಣೆದಾದ ಮೇಲೆ ಅದರ ಮೇಲೆ ನಿಮ್ಮ ಕಾಲು ಬೀಳದ ಹಾಗೆ ಮಾಡಿದೆ.”

“ನೀನು ಒಂದು ದಿನವೂ ಬೇಡ ಎನ್ನಲಿಲ್ಲ.”

“ಎನ್ನಲಿಲ್ಲ. ಅವರು ಕಾಲಿಟ್ಟ ದಿನ ನೀವು ನನ್ನ ಮುಖ ನೋಡಿದಿರಿ.”

ಬನಮ್ಮ ತೊಲೆ ನೋಡುತ್ತಾ, “ನೋಡಿದೆ ಕಣೇ” ಎಂದಳು. “ಆ ಮುಖ ಇನ್ನೊಮ್ಮೆ ನೋಡುವುದು ಬೇಡ ಎನ್ನಿಸಿತು. ಕಲ್ಲಿನ ಮೇಲೆ ಹೋದರೆ ಏನಾದೀತು ಎಂದುಕೊಂಡೆ. ನಾನೂ ಹೆಣೆದವಳೇ ಅಲ್ಲವೇ. ನನಗೆಂದೂ ಬಾರದ ಕೆಲಸ ಅದು. ತುಳಿಯಲು ನನಗೇ ಮನಸ್ಸು ಬರಲಿಲ್ಲ. ಪೂರಾ ನಿನ್ನ ಮೇಲೆ ಹಾಕಿಕೊಳ್ಳಬೇಡ.”

ಸೊಸೆ ಕಣ್ಣೊರೆಸಿಕೊಂಡಳು. ಆ ದಿನ ಒಲೆಗೆ ಹಾಕುವ ಮಾತು ಅಲ್ಲಿಗೇ ನಿಂತಿತು.

ಮಳೆಗಾಲ ಕಳೆಯಿತು. ವೈದ್ಯರು ಬಂದು ನೋಡಿ, ಮೂಳೆ ಕೂಡಿದೆ, ಇನ್ನು ಎಬ್ಬಿಸಿ ನಡೆಸಿ ಎಂದರು. ದಿನಕ್ಕೆ ಸ್ವಲ್ಪ ಸ್ವಲ್ಪ ನಡೆಯದಿದ್ದರೆ ಕಾಲು ಸೋತುಹೋಗುತ್ತದೆ, ಆಮೇಲೆ ಹಾಸಿಗೆಯೇ ಗತಿ ಎಂದರು. ತಿಪ್ಪೇಶ ತಾಯಿಯನ್ನು ಎತ್ತಿ ಮಂಚದ ಅಂಚಿಗೆ ಕೂರಿಸಿದ. ಬನಮ್ಮ ಕಾಲು ಕೆಳಗೆ ಬಿಟ್ಟಳು. ತಣ್ಣಗಿನ ನೆಲ ಪಾದಕ್ಕೆ ತಾಗಿದೊಡನೆ ಮೇಲಕ್ಕೆಳೆದುಕೊಂಡಳು.

“ಆಗುವುದಿಲ್ಲ” ಎಂದಳು. “ಜಾರುತ್ತದೆ.”

“ಇಲ್ಲಿ ನೀರಿಲ್ಲ ಅವ್ವಾ” ಎಂದ ತಿಪ್ಪೇಶ.

“ಜಾರುತ್ತದೆ” ಎಂದಳು ಮತ್ತೆ.

ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ. ಮೂಳೆ ವಾಸಿಯಾಗಿತ್ತು, ಭಯ ವಾಸಿಯಾಗಿರಲಿಲ್ಲ. ಕಾಲುಗಳು ಒಣಗತೊಡಗಿದವು. ಅವುಗಳನ್ನು ನೀವುವಾಗ ಅದು ದಾಕ್ಷಾಯಿಣಿಯ ಕೈಗೆ ತಿಳಿಯುತ್ತಿತ್ತು.

ಒಂದು ಬೆಳಗ್ಗೆ ಅವಳು ಅಟ್ಟಕ್ಕೆ ಏಣಿ ಹಾಕಿದಳು. ಕಾಲೊರಸನ್ನು ಇಳಿಸಿ ತಂದು ಮಂಚದ ಪಕ್ಕ, ಅತ್ತೆಯ ಪಾದ ಇಳಿಯುವ ಜಾಗದಲ್ಲಿ ಹಾಸಿದಳು. ನೀಲಿ ಮಾಸಿರಲಿಲ್ಲ. ನವಿಲು ಬೆಳ್ಳಗೇ ಇತ್ತು.

ಬನಮ್ಮ ಅದನ್ನು ಕಂಡು ಕಾಲನ್ನು ಇನ್ನಷ್ಟು ಮಡಚಿಕೊಂಡಳು. “ಬೇಡ ತಾಯಿ. ಇದರ ಮೇಲಂತೂ ಬೇಡ. ಹಾಸಿಗೆಯಲ್ಲಿ ಬಿದ್ದವಳ ಪಾದ. ಎಣ್ಣೆ ನೀವಿದ ಪಾದ. ಗೋಣಿಚೀಲ ತಾ.”

ದಾಕ್ಷಾಯಿಣಿ ಹಿತ್ತಲಿಗೆ ಹೋದಳು. ಹಿಂದಿನ ದಿನ ಬಿದ್ದ ಹಿಂಗಾರು ಮಳೆಗೆ ತುಳಸಿಕಟ್ಟೆಯ ಆಚೆ ಕೆಂಪು ಮಣ್ಣು ಕೆಸರಾಗಿತ್ತು. ಅದರಲ್ಲಿ ಎರಡೂ ಕಾಲು ಊರಿ ನಿಂತಳು. ಹಾಗೆಯೇ ಒಳಗೆ ಬಂದಳು. ತಿಪ್ಪೇಶ ಮಗ್ಗ ನಿಲ್ಲಿಸಿ ನೋಡಿದ. ಅವಳು ನೆಲದ ಮೇಲೆ ಕೆಸರಿನ ಹೆಜ್ಜೆ ಮೂಡಿಸುತ್ತಾ ಬಂದು, ಕಾಲೊರಸಿನ ನಟ್ಟ ನಡುವೆ, ನವಿಲಿನ ಎದೆಯ ಮೇಲೆ ನಿಂತಳು. ಒಂದು ಪಾದ ಉಜ್ಜಿದಳು. ಇನ್ನೊಂದು ಪಾದ ಉಜ್ಜಿದಳು. ಬೆರಳ ಸಂದಿನ ಮಣ್ಣನ್ನೂ ಬಿಡದೆ ಒರೆಸಿದಳು. ಅವಳ ಮುಖ ಅತ್ತೆಯ ಕಡೆಗೇ ಇತ್ತು.

“ನನ್ನ ಮುಖ ನೋಡಿ ಅತ್ತೆ” ಎಂದಳು. “ನೋಡಿದಿರಾ? ಈಗ ಬನ್ನಿ.”

ಬನಮ್ಮ ನೋಡಿದಳು. ಆ ಮುಖದಲ್ಲಿ ನೀರು ಹರಿಯುತ್ತಿತ್ತು. ಆದರೆ ಅಂದು ಕಂಡದ್ದು ಅಲ್ಲಿರಲಿಲ್ಲ.

ಮುದುಕಿ ನಿಧಾನವಾಗಿ ಕಾಲು ಬಿಚ್ಚಿದಳು. ಹೆಬ್ಬೆರಳು ಮೊದಲು ತಾಗಿಸಿದಳು. ಆಮೇಲೆ ಪಾದ ಪೂರ್ತಿ ಊರಿದಳು. ಸೊಸೆಯ ಎರಡೂ ಭುಜ ಹಿಡಿದು ಎದ್ದು ನಿಂತಳು. ಇಬ್ಬರೂ ಒಂದೇ ಕಾಲೊರಸಿನ ಮೇಲೆ ಎದುರುಬದುರಾಗಿ ನಿಂತಿದ್ದರು. ಕೆಸರು ಬನಮ್ಮನ ಪಾದಕ್ಕೂ ಮೆತ್ತಿತು.

“ಇಷ್ಟು ಮೆತ್ತಗಿದೆಯೇನೇ?” ಎಂದಳು ಬನಮ್ಮ. “ನನಗೆ ಗೊತ್ತೇ ಇರಲಿಲ್ಲವಲ್ಲ.”

ಆ ದಿನ ಅವಳು ನಿಂತದ್ದು ಅಷ್ಟೇ. ಮರುದಿನ ಕಾಲೊರಸಿನಿಂದ ಆಚೆಗೆ ಒಂದು ಹೆಜ್ಜೆ ಇಟ್ಟಳು. ಅದನ್ನು ಸ್ವಲ್ಪ ಸ್ವಲ್ಪ ದೂರಕ್ಕೆ ಎಳೆದು ಹಾಸುತ್ತಾ ಹೋದರು. ಮುದುಕಿ ಅಲ್ಲಿಯವರೆಗೆ ನಡೆದು, ಅದರ ಮೇಲೆ ನಿಂತು ದಣಿವಾರಿಸಿಕೊಂಡು ಹಿಂದಿರುಗುತ್ತಿದ್ದಳು. ಹೀಗೆ ಕಾಲೊರಸು ನಡುಮನೆ ದಾಟಿತು, ಅಡುಗೆಮನೆಯ ಬಾಗಿಲು ದಾಟಿತು, ಕೊನೆಗೆ ಬಚ್ಚಲ ಬಾಗಿಲು ತಲುಪಿತು. ಬನಮ್ಮನ ನಡಿಗೆ ಮೊದಲಿನಂತಾಗಲಿಲ್ಲ. ಸಾಯುವವರೆಗೂ ಕೋಲು ಹಿಡಿದೇ ನಡೆದಳು, ಒಂದು ಕಾಲು ಎಳೆಯುತ್ತಿತ್ತು. ಆದರೆ ತನ್ನ ಸ್ನಾನಕ್ಕೆ ತಾನೇ ಹೋಗಿಬಂದಳು. ಅವಳಿಗೆ ಬೇಕಾಗಿದ್ದದ್ದು ಅದೇ.

ದಾಕ್ಷಾಯಿಣಿ ಮತ್ತೆ ಕೊಕ್ಕೆ ಹಿಡಿದಳು. ಹೆಣಿಗೆಯಲ್ಲಿ ಅಸಡ್ಡೆ ಬರಲಿಲ್ಲ. ಸುತ್ತು ತಪ್ಪಿದರೆ ಮೊದಲಿನಂತೆಯೇ ಬಿಚ್ಚಿ ಹೆಣೆಯುತ್ತಿದ್ದಳು. ಹೂವು, ಹಕ್ಕಿ, ಬಳ್ಳಿ ಎಲ್ಲವೂ ಬಂದವು. ಅಡಿಯಲ್ಲಿ ತೆಂಗಿನ ನಾರಿನ ಹುರಿ ಸೇರಿಸಿ, ಒದ್ದೆ ಕಲ್ಲಿನ ಮೇಲೂ ಜಾರದಂತೆ ಮಾಡಿದಳು. ಕೇರಿಯ ಮನೆಗಳಿಗೆ ಕೊಡುವಾಗ ತಾನೇ ಹೋಗಿ ಹಾಸಿ, ಮನೆಯವರ ಕಣ್ಣೆದುರಿಗೆ ಮೊದಲು ತಾನು ಅದರ ಮೇಲೆ ಕಾಲು ಒರೆಸುತ್ತಿದ್ದಳು. ಹೊಸ ವಸ್ತುವಿಗೆ ಹೀಗೆ ಮಾಡುತ್ತಾಳಲ್ಲ ಎಂದು ಕೆಲವರಿಗೆ ಕಸಿವಿಸಿಯಾಗುತ್ತಿತ್ತು. ಅವಳು ಕಾರಣ ಹೇಳುತ್ತಿರಲಿಲ್ಲ. “ಇನ್ನು ನೀವು ಒರೆಸಿ” ಎಂದಷ್ಟೇ ಹೇಳಿ ಬರುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ, “ಅಂಥ ಕೆಲಸವನ್ನು ಒಮ್ಮೆ ಕಣ್ಣಾರೆ ಕಾಣಬೇಕು ಎನ್ನಿಸುತ್ತದೆ, ಗುರುಗಳೇ. ಆ ನವಿಲಿನ ಕಾಲೊರಸು ಈಗ ಎಲ್ಲಿದೆ?” ಎಂದು ಕೇಳಿದ.

ಗುರುಗಳು ಹೇಳಿದರು: “ಆ ಮನೆಯವರ ಕಾಲಡಿ ಸವೆದು ಮುಗಿದುಹೋಯಿತು.”